ಖಾಲಿ ಬಿಟ್ಟ ಜಾಗ

ಬ್ರೆಡ್ಡು ಒಂದು ಹೋಳೋ ಎರಡೋ ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದ್ದು ಅವನ ಕಿವಿಗೆ ಬಿದ್ದಿತ್ತು. ಏನಾದರೊಂದು ಹೇಳಿಬಿಡಬೇಕು ಎಂದೂ ಅನ್ನಿಸಿತ್ತು. ಆದರೆ ಬಚ್ಚಲಿನ ಕನ್ನಡಿಯ ಮುಂದೆ ನಿಂತು, ಗಲ್ಲದ ಕೆಳಗೆ ಎರಡು ಸಲ ರೇಜರ್ ಎಳೆದರೂ ಹಟ ಹಿಡಿದು ಉಳಿದುಕೊಂಡಿದ್ದ ನಾಲ್ಕು ಬಿಳಿ ಕೂದಲನ್ನು ನೋಡುತ್ತ, ಇವತ್ತು ಮಧ್ಯಾಹ್ನ ಮೂರು ಗಂಟೆಗೆ ಈ ಬಾಯಿಂದ ಏನು ಹೊರಡಬಹುದು ಎಂದು ಯೋಚಿಸುತ್ತಿದ್ದವನಿಗೆ ಒಂದು ಎನ್ನಲೂ ಎರಡು ಎನ್ನಲೂ ನಾಲಗೆ ಏಳಲಿಲ್ಲ. ಅವಳು ಸ್ವಲ್ಪ ಕಾದು ಎರಡು ಹಾಕಿದಳು. ತಟ್ಟೆ ನೋಡಿದವನಿಗೆ ವಿನಾಕಾರಣ ಸಿಟ್ಟು ಬಂತು. ಎರಡು ಅಂತ ನಾನು ಹೇಳಿದೆನಾ ಎಂದು ರೇಗಿದ. ಬೇಡ ಅಂತಲೂ ಹೇಳಲಿಲ್ಲವಲ್ಲ ಎಂದು ಅವಳು ತನ್ನ ಪಾಡಿಗೆ ಲೋಟ ತೊಳೆಯತೊಡಗಿದಳು. ಆಮೇಲೆ, ಬೆನ್ನು ಹಾಕಿಕೊಂಡೇ, ಆಸ್ಪತ್ರೆಯ ಮೀಟಿಂಗು ಇವತ್ತೇ ಅಲ್ಲವಾ, ಆ ನರ್ಸಮ್ಮ ಮಾಡಿದ ತಪ್ಪಿಗೆ ನಿಮ್ಮನ್ನೆಲ್ಲ ಯಾಕೆ ಎಳೆದಾಡುತ್ತಾರೋ ಎಂದಳು. ನರ್ಸಮ್ಮ ಮಾಡಿದ ತಪ್ಪು. ಆ ಮಾತನ್ನು ಈ ಮನೆಗೆ ತಂದವನು ಅವನೇ. ಏಳು ವಾರದ ಹಿಂದೆ, ಇದೇ ಮೇಜಿನ ಮುಂದೆ ಕೂತು, ಪಕ್ಕದ ಬೀದಿಯಲ್ಲಿ ಯಾರೋ ಜಾರಿ ಬಿದ್ದರಂತೆ ಎನ್ನುವ ದನಿಯಲ್ಲಿ ಹೇಳಿದ್ದ. ನರ್ಸೊಬ್ಬಳು ಒಂದು ಅಂಕಣ ತುಂಬದೆ ಖಾಲಿ ಬಿಟ್ಟುಬಿಟ್ಟಳಂತೆ, ಮಗುವಿಗೆ ಔಷಧಿ ಹೆಚ್ಚಾಯಿತಂತೆ. ಹೆಂಡತಿ ಅಯ್ಯೋ ಎಂದಿದ್ದಳು. ಅವನು ಇನ್ನೊಂದು ತುತ್ತು ಬಾಯಿಗಿಟ್ಟಿದ್ದ.

ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿದ್ದೂ ಅವನಿಗೆ ತಪ್ಪೆನ್ನಿಸಿತು. ಇಷ್ಟು ಸಲೀಸಾಗಿ ಜಾಗ ಸಿಗುವ ಯೋಗ್ಯತೆ ತನಗಿಲ್ಲ ಎಂಬಂತೆ ಸೀಟಿನ ಅಂಚಿನಲ್ಲಿ ಕೂತ. ಮುಂದಿನ ಸೀಟಿನ ಹಿಂಬದಿಯಲ್ಲಿ ಯಾರೋ ಮೊಳೆಯಿಂದ ಕೆತ್ತಿದ್ದ ಹೃದಯದೊಳಗೆ ಒಂದೇ ಒಂದು ಅಕ್ಷರವಿತ್ತು, ಎರಡನೆಯದು ಕೆತ್ತುವ ಮೊದಲೇ ಇಳಿಯುವ ಜಾಗ ಬಂದಿರಬೇಕು. ಮಗುವಿಗೆ ನಾಲ್ಕು ವರ್ಷ. ಬೇರೊಂದು ಆಸ್ಪತ್ರೆಯಿಂದ ಜ್ವರದಲ್ಲಿ ತಂದಿದ್ದರು. ಅಲ್ಲಿ ಕೊಟ್ಟ ಔಷಧಿಯ ಚೀಟಿಗಳು ಬಂದಿರಲಿಲ್ಲ, ನಾಳೆ ಕಳಿಸುತ್ತೇವೆ ಎಂದಿದ್ದರಂತೆ. ಆ ಔಷಧಿಯ ಗುಣವೇ ಹಾಗೆ, ಒಂದು ಮಿತಿ ಮೀರಿದರೆ ನೇರ ಕಿವಿಗೆ ಹೊಡೆಯುತ್ತದೆ. ಅದಕ್ಕೆಂದೇ ವಾರ್ಡಿನ ಕಂಪ್ಯೂಟರ್ ಪರದೆಯ ಮೇಲೆ ಒಂದು ಅಂಕಣ ಇಟ್ಟಿದ್ದರು: ಇಲ್ಲಿಗೆ ಬರುವ ಮೊದಲು ಕೊಟ್ಟ ಒಟ್ಟು ಪ್ರಮಾಣ. ಮಗುವಿನ ತೂಕಕ್ಕೆ ಎಷ್ಟು ಕೊಡಬಹುದೋ ಅದರಿಂದ ಈಗಾಗಲೇ ಕೊಟ್ಟಿದ್ದನ್ನು ಕಳೆದು, ಇನ್ನೆಷ್ಟು ಕೊಡಬಹುದು ಎಂದು ಪರದೆ ಹೇಳಬೇಕು. ನರ್ಸು ತೂಕ ತುಂಬಿದಳು, ಜ್ವರ ತುಂಬಿದಳು, ಆ ಅಂಕಣವನ್ನು ಖಾಲಿ ಬಿಟ್ಟಳು. ಪರದೆ ಖಾಲಿಯನ್ನು ಸೊನ್ನೆ ಎಂದುಕೊಂಡಿತು. ಏನೂ ಕೊಟ್ಟಿಲ್ಲ, ಪೂರ್ತಿ ಕೊಡಿ ಎಂದು ಹಸಿರು ಬಣ್ಣದಲ್ಲಿ ಲೆಕ್ಕ ಹೇಳಿತು. ಮೊದಲಿನ ಆಸ್ಪತ್ರೆಯವರು ಪೂರ್ತಿ ಕೊಟ್ಟು ಮುಗಿಸಿದ್ದರು. ಇಲ್ಲಿ ಮತ್ತೊಮ್ಮೆ ಪೂರ್ತಿ ಕೊಟ್ಟರು. ಚೀಟಿ ಐದು ದಿನ ತಡವಾಗಿ ಬಂತು. ಅಷ್ಟು ಹೊತ್ತಿಗೆ ಜ್ವರ ಬಿಟ್ಟಿತ್ತು, ಮಗು ಎದ್ದು ಕೂತಿತ್ತು, ಕೂಗಿದರೆ ಮಾತ್ರ ತಿರುಗುತ್ತಿರಲಿಲ್ಲ.

ಅವನಿಗೆ ಗೊತ್ತಿದ್ದದ್ದು ಇಷ್ಟೇ ಆಗಿದ್ದರೆ ಅವನೂ ಎಲ್ಲರ ಹಾಗೆ ಪಾಪ ಎಂದು ಸುಮ್ಮನಾಗಬಹುದಿತ್ತು. ಆದರೆ ಆ ಪರದೆ ಬರೆದವನು ಅವನು. ಸಂಖ್ಯೆ ಬರಬೇಕಾದ ಕಡೆ ಸಂಖ್ಯೆಯೇ ಬಂದಿದೆಯೋ ಇಲ್ಲವೋ ಎಂದು ಕಾಯುವುದು, ಒಂದರ್ಥದಲ್ಲಿ, ಅವನ ಹೊಟ್ಟೆಪಾಡು. ಅವನು ಪರದೆಗಳನ್ನು ಬರೆಯುವ ಕಂಪ್ಯೂಟರ್ ಭಾಷೆ ಜಾವಾಸ್ಕ್ರಿಪ್ಟಿನಲ್ಲಿ ಅದಕ್ಕೊಂದು ಪ್ರಶ್ನೆಯಿದೆ, ಈಸ್‌ನ್ಯಾನ್ ಎಂದು. ಇದು ಸಂಖ್ಯೆ ಅಲ್ಲವಷ್ಟೇ ಎಂದು ಕೇಳುವ ಪ್ರಶ್ನೆ. ಅಕ್ಷರ ಕೊಟ್ಟರೆ ಹೌದು, ಅಲ್ಲ ಎನ್ನುತ್ತದೆ. ಹನ್ನೆರಡರ ಹಿಂದೆ ಕೆಜಿ ಎಂದು ಬಾಲ ಅಂಟಿಸಿ ಕೊಟ್ಟರೂ ಕಂಡುಹಿಡಿಯುತ್ತದೆ. ಬಲು ಚುರುಕು. ಆದರೆ ಏನನ್ನೂ ಕೊಡದಿದ್ದರೆ, ಬರೀ ಖಾಲಿ ಜಾಗವನ್ನು ಅದರ ಕೈಗಿಟ್ಟರೆ, ಯಾರಿಗೂ ಹೇಳದೆ ಕೇಳದೆ ಅದನ್ನು ಸೊನ್ನೆ ಮಾಡಿಕೊಂಡು, ಸಂಖ್ಯೆಯೇ ಇದೆಯಲ್ಲ, ಹೋಗಲಿ ಬಿಡಿ ಎಂದು ಒಳಗೆ ಬಿಡುತ್ತದೆ. ಈ ಕಸುಬಿಗೆ ಬಂದ ಮೊದಲ ತಿಂಗಳಲ್ಲೇ ಎಲ್ಲರೂ ಕಲಿಯುವ ಸಂಗತಿ ಇದು. ಅವನೂ ಕಲಿತಿದ್ದ, ಕಲಿಸಿಯೂ ಇದ್ದ. ಅದಕ್ಕೇ ಮೊದಲು ಖಾಲಿಯೇ ಎಂದು ಕೇಳು, ಆಮೇಲೆ ಸಂಖ್ಯೆಯೇ ಎಂದು ಕೇಳು ಎಂದು ಎರಡು ಸಾಲು ಬರೆದಿದ್ದ. ಬರೆದದ್ದು ಚೆನ್ನಾಗಿಯೇ ಇತ್ತು. ಆದರೆ ನರ್ಸುಗಳು ಪುಟ ತೆರೆದ ಕೂಡಲೇ, ಇನ್ನೂ ಒಂದಕ್ಷರ ಒತ್ತುವ ಮೊದಲೇ, ಖಾಲಿ ಇದ್ದ ಅಂಕಣಗಳೆಲ್ಲ ಕೆಂಪಗಾಗಿ ಕೂಗತೊಡಗಿದವು. ಬಾಯಿ ತೆರೆಯುವ ಮುಂಚೆಯೇ ಬೈಯುತ್ತದೆ ಎಂದು ವಾರ್ಡಿನಿಂದ ದೂರು ಬಂತು. ಒಂದು ಗುರುವಾರ ಮಧ್ಯಾಹ್ನ ಯಜಮಾನರು, ಅಂದರೆ ಆ ಹನ್ನೊಂದು ಜನರ ಆಫೀಸನ್ನು ಕಟ್ಟಿದವರು, ಅವನ ಕುರ್ಚಿಯ ಹಿಂದೆ ನಿಂತು, ಐದು ಗಂಟೆಗೆ ಹೊಸದು ಹೋಗಬೇಕು, ಆ ಕೆಂಪು ಕಿರಿಕಿರಿ ತೆಗೆದುಹಾಕು ಮಾರಾಯ ಎಂದರು. ಅವನು ಖಾಲಿಯ ಸಾಲನ್ನು ತೆಗೆದ. ಪುಟ ತೆರೆದಾಗ ಕೇಳಬಾರದು, ಕೊನೆಯ ಗುಂಡಿ ಒತ್ತಿದಾಗ ಕೇಳಬೇಕು, ಅಲ್ಲಿಗೆ ಸೇರಿಸಬೇಕು. ಮರೆಯದಿರಲಿ ಎಂದು ಅದೇ ಜಾಗದಲ್ಲಿ ತನಗೆ ತಾನೇ ಒಂದು ಟಿಪ್ಪಣಿ ಬರೆದುಕೊಂಡ: ಖಾಲಿ ಬಿಟ್ಟರೆ? ಕೊನೆಯ ಗುಂಡಿಗೆ ಸೇರಿಸಬೇಕು, ಆಮೇಲೆ. ಅಷ್ಟರಲ್ಲಿ ಜೊತೆಗೆ ಕೆಲಸ ಮಾಡುವ ಗಡ್ಡದವನ ಹುಟ್ಟುಹಬ್ಬವೆಂದು ಪಕ್ಕದ ಕೋಣೆಯಲ್ಲಿ ಕೇಕಿನ ಮೇಲಿನ ಮೇಣದಬತ್ತಿ ಹೊತ್ತಿಸಿ ಎಲ್ಲರೂ ಕರೆದರು. ಅವನು ಹೋದ. ಒಂದು ಚೂರು ಕೇಕು ತಿಂದ. ಆಮೇಲೆ ಎನ್ನುವುದು ಬರಲೇ ಇಲ್ಲ.

ಅವನ ಕಸುಬಿನಲ್ಲಿ ಒಂದು ಕ್ರೂರ ಏರ್ಪಾಡಿದೆ. ಯಾವ ಸಾಲನ್ನು ಯಾರು, ಯಾವತ್ತು, ಎಷ್ಟು ಗಂಟೆಗೆ ಬದಲಿಸಿದರು, ಯಾಕೆ ಬದಲಿಸಿದರು ಎಂಬುದೆಲ್ಲ ದಾಖಲೆಯಲ್ಲಿ ಕೂತಿರುತ್ತದೆ. ಆ ಗುರುವಾರವೂ ಇದೆ, ಅವನ ಹೆಸರಿನ ಪಕ್ಕದಲ್ಲಿ, ನಾಲ್ಕು ಗಂಟೆ ನಲವತ್ತು ನಿಮಿಷ. ಈ ಏಳು ವಾರದಲ್ಲಿ ದಿನಕ್ಕೆ ಒಂದು ಸಲವಾದರೂ ಅದನ್ನು ತೆರೆದು ನೋಡಿದ್ದಾನೆ. ಆಮೇಲೆ ಎಂಬ ಆ ಪದದವರೆಗೆ ಓದಿ ಮುಚ್ಚಿಬಿಡುತ್ತಾನೆ. ಸರಿ ಮಾಡಲು ನಾಲ್ಕು ನಿಮಿಷ ಸಾಕು. ಆದರೆ ವಿಚಾರಣೆ ಮುಗಿಯುವವರೆಗೆ ಯಾರೂ ಕೈ ಹಚ್ಚಬಾರದು ಎಂದು ಆಸ್ಪತ್ರೆಯವರ ಆದೇಶ, ಮತ್ತು ಈಗ ಸರಿ ಮಾಡಿದರೆ ಆ ತಾರೀಖೂ ದಾಖಲಾಗುತ್ತದೆ ಎಂಬುದು ಯಾರೂ ಬಾಯಿ ಬಿಟ್ಟು ಹೇಳದ ಎರಡನೆಯ ಕಾರಣ. ಹೀಗಾಗಿ ಅದು ಏಳು ವಾರದಿಂದ ಹಾಗೇ ಇದೆ, ಬಾಗಿಲು ಹಾರುಹೊಡೆದುಕೊಂಡು. ವಾರ್ಡುಗಳಲ್ಲಿ ಇನ್ನು ಮುಂದೆ ಯಾರೂ ಯಾವ ಅಂಕಣವನ್ನೂ ಖಾಲಿ ಬಿಡಕೂಡದು ಎಂದು ಸುತ್ತೋಲೆ ಹೊರಟಿದೆಯಂತೆ. ಈಗ ನರ್ಸುಗಳು ಗೊತ್ತಿಲ್ಲದ ಕಡೆಯಲ್ಲೆಲ್ಲ ಹೆದರಿ ಸೊನ್ನೆ ಒತ್ತುತ್ತಾರಂತೆ. ಇದನ್ನು ಕೇಳಿ ಗಡ್ಡದವನು ನಕ್ಕಿದ್ದ. ಅವನಿಗೂ ನಗು ಬಂದಿತ್ತು. ಆಮೇಲೆ ಕೈ ತೊಳೆಯುವ ಕೋಣೆಗೆ ಹೋಗಿ ನಲ್ಲಿ ಬಿಟ್ಟು ಸುಮ್ಮನೆ ನಿಂತಿದ್ದ.

ಗೊತ್ತಿಲ್ಲದ್ದಕ್ಕೂ ಸೊನ್ನೆಗೂ ಇರುವ ಅಂತರ ಅವನಿಗೆ ಹೊಸದೇನಲ್ಲ. ಏಳನೆಯ ತರಗತಿಯಲ್ಲಿ ಗಣಿತದ ಪರೀಕ್ಷೆಯ ದಿನ ಅವನಿಗೆ ಮಂಗನಬಾವು. ಎರಡೂ ದವಡೆ ಊದಿ, ಕಿವಿಯಿಂದ ಕಿವಿಗೆ ಬಟ್ಟೆ ಕಟ್ಟಿಕೊಂಡು ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ತಿಂಗಳಾದ ಮೇಲೆ ಅಂಕಪಟ್ಟಿ ಬಂತು. ಗಣಿತದ ಮುಂದೆ ದುಂಡಗೆ, ಕೆಂಪು ಶಾಯಿಯಲ್ಲಿ, ಸೊನ್ನೆ. ಅಪ್ಪ ಅದನ್ನು ನೋಡಿ ಏನೂ ಅನ್ನಲಿಲ್ಲ. ಎಂಟು ದಿನ ಏನೂ ಅನ್ನಲಿಲ್ಲ. ಮಂಗನಬಾವು ಬಂದಿದ್ದು ಅಪ್ಪನಿಗೆ ಗೊತ್ತಿತ್ತು, ದವಡೆಗೆ ಮುಲಾಮು ತಂದವರೇ ಅವರು, ಆದರೂ ಕಾಗದದ ಮೇಲಿದ್ದ ಆ ದುಂಡನೆಯ ಕೆಂಪಿನ ಮುಂದೆ ಮುಲಾಮು ನಿಲ್ಲಲಿಲ್ಲ. ನಾನು ಬರೆದೇ ಇಲ್ಲಮ್ಮಾ ಎಂದು ಅವನು ಅಮ್ಮನ ಸೆರಗು ಹಿಡಿದು ಅತ್ತಿದ್ದ. ಬರೆದು ಸೊನ್ನೆ ಬಂದಿದ್ದರೆ ಹೊಡೆಯಲಿ, ಬರೆದೇ ಇಲ್ಲವಲ್ಲ. ಅಮ್ಮ ಅವನ ಕೈ ಹಿಡಿದು ಶಾಲೆಗೆ ಕರೆದುಕೊಂಡು ಹೋದಳು. ಗಣಿತದ ಮೇಷ್ಟ್ರು ಕನ್ನಡಕ ಹಣೆಗೇರಿಸಿ ನಕ್ಕರು. ‘ಖಾಲಿ ಬಿಟ್ರೆ ಒಟ್ಟು ಕೂಡ್ಸೋಕೆ ಬರಲ್ಲಮ್ಮ. ಅದಕ್ಕೆ ಸೊನ್ನೆ ಹಾಕಿದ್ದೀನಿ, ಅಷ್ಟೇ. ಅದರಲ್ಲಿ ಬೇಜಾರೇನು?’ ಅಮ್ಮ ಹೌದೇನೋ ಎಂಬಂತೆ ತಲೆಯಾಡಿಸಿದಳು. ದೊಡ್ಡವರಿಗೆಲ್ಲ ಅದು ಸರಿಯಾಗಿ ಕಂಡಿತ್ತು. ಅವನಿಗೆ ಮಾತ್ರ ಎಷ್ಟೋ ವರ್ಷ ಅದು ಗಂಟಲಲ್ಲಿ ಮುಳ್ಳಾಗಿ ಉಳಿದಿತ್ತು. ಈಗ ಆಫೀಸಿನಲ್ಲಿ, ಪರದೆಗಳ ಮೇಲಿನ ಕಾಗುಣಿತ ತಿದ್ದುತ್ತಾನೆಂದು, ಅವನನ್ನೇ ಎಲ್ಲರೂ ಮೇಷ್ಟ್ರೇ ಎಂದು ಕರೆಯುತ್ತಾರೆ.

ಆಫೀಸಿನಲ್ಲಿ ಯಜಮಾನರು ಇಸ್ತ್ರಿ ಮಾಡಿದ ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿ ಓಡಾಡುತ್ತಿದ್ದರು. ಮೇಜಿನ ಮೇಲೆ ದಪ್ಪ ಕಡತ. ಅದರಲ್ಲಿ ಪರದೆಯ ಬಣ್ಣದ ಚಿತ್ರಗಳು, ಹದಿನಾಲ್ಕು ಪರೀಕ್ಷೆಗಳ ಪಟ್ಟಿ. ಅಕ್ಷರ ಹಾಕಿದಾಗ ಕೆಂಪು ಬಂದ ಚಿತ್ರ, ಋಣಸಂಖ್ಯೆ ಹಾಕಿದಾಗ ಕೆಂಪು ಬಂದ ಚಿತ್ರ, ಎರಡು ಚುಕ್ಕಿ ಹಾಕಿದಾಗ ಕೆಂಪು ಬಂದ ಚಿತ್ರ. ಹದಿನಾಲ್ಕಕ್ಕೆ ಹದಿನಾಲ್ಕೂ ಪಾಸು. ಖಾಲಿ ಬಿಟ್ಟು ನೋಡಿದ ಪರೀಕ್ಷೆ ಅದರಲ್ಲಿರಲಿಲ್ಲ. ಅದು ಇಲ್ಲವೆಂಬುದನ್ನು ಪಟ್ಟಿ ನೋಡಿದವರು ಕಂಡುಹಿಡಿಯುವುದು ಹೇಗೆ, ಇಲ್ಲದ್ದು ಕಾಣಿಸುವುದಿಲ್ಲವಲ್ಲ. ಯಜಮಾನರು ಒಂದು ಚಿತ್ರದ ಮೇಲೆ ಬೆರಳಿಟ್ಟರು. ಆ ಅಂಕಣದ ಹೆಸರಿನ ಪಕ್ಕದಲ್ಲಿ ಸಾಸಿವೆಯಷ್ಟು ಗಾತ್ರದ ಒಂದು ಕೆಂಪು ನಕ್ಷತ್ರವಿತ್ತು. ಇದನ್ನು ತುಂಬಲೇಬೇಕು ಎಂದರ್ಥ. ನಕ್ಷತ್ರ ಹಾಕಿದ್ದೇವೆ, ಅದನ್ನು ನೋಡದೆ ಹೋದರೆ ನಾವೇನು ಮಾಡೋಣ, ಇದೊಂದೇ ಸಾಕು ಎಂದರು. ಆ ನಕ್ಷತ್ರದ ಹಿಂದೆ ಏನೂ ಇಲ್ಲ, ಅದು ಬರೀ ಬಣ್ಣ ಎಂದು ಅವನಿಗೆ ಗೊತ್ತಿತ್ತು. ಇವತ್ತಾದರೂ ಹೇಳಿಬಿಡೋಣ ಎಂದುಕೊಂಡು, ಒಂದು ವಿಷಯ ಇತ್ತು, ಆ ಗುರುವಾರ ಎಂದು ಶುರುಮಾಡಿದ. ಯಜಮಾನರು ಅಂಗೈ ಎತ್ತಿ ತಡೆದರು. ಮುಖದಲ್ಲಿ ಸಿಟ್ಟಿರಲಿಲ್ಲ, ಒಂದು ಬಗೆಯ ಬೇಡಿಕೆ ಇತ್ತು.

‘ನಂಗೆ ಹೇಳ್ಬೇಡ ಮೇಷ್ಟ್ರೇ. ಹೇಳಿದ್ರೆ ನಂಗೆ ಗೊತ್ತಾಗುತ್ತೆ.’

ಆಮೇಲೆ ಹೆಗಲ ಮೇಲೆ ಕೈ ಹಾಕಿ, ಹನ್ನೊಂದು ಜನರ ಅನ್ನ ಇದು, ಈ ಆಸ್ಪತ್ರೆ ಬಿಟ್ಟರೆ ನಮಗೆ ಬೇರೆ ದಿಕ್ಕಿಲ್ಲ, ನೀನು ಸುಳ್ಳು ಹೇಳು ಅಂತ ನಾನು ಹೇಳುವುದಿಲ್ಲ, ಕೇಳಿದ್ದಕ್ಕಿಂತ ಹೆಚ್ಚು ಮಾತಾಡಬೇಡ ಅಷ್ಟೇ ಎಂದರು. ಹನ್ನೊಂದು ಜನ ಎಂಬ ಮಾತು ಅವನಿಗೆ ಹಿತವಾಗಿ ಕೇಳಿಸಿತು. ಅದು ನೆಪವೆಂದು ಆಗಲೇ ಗೊತ್ತಾಗಿತ್ತು. ಅವನಿಗೆ ಹೆದರಿಕೆಯಿದ್ದದ್ದು ಹನ್ನೊಂದು ಜನರದ್ದಲ್ಲ, ಒಬ್ಬನದ್ದು. ನಾಲ್ಕು ಜನರ ಎದುರು, ಇವನೇ ಎಂದು ಬೆರಳು ತೋರಿಸಿಕೊಳ್ಳುವ ಹೆದರಿಕೆ. ಗಲ್ಲದ ಕೆಳಗೆ ಉಳಿದುಹೋದ ಕೂದಲನ್ನು ಬೆರಳಿನಿಂದ ತಡವುತ್ತ, ಆಯಿತು ಎಂದ.

ಆಸ್ಪತ್ರೆಗೆ ಅರ್ಧ ಗಂಟೆ ಮೊದಲೇ ಮುಟ್ಟಿದರು. ಯಜಮಾನರು ಕಡತವನ್ನು ಅವನ ಕೈಗಿಟ್ಟು, ಆಡಳಿತಾಧಿಕಾರಿಯನ್ನು ಮಾತಾಡಿಸಿ ಬರುತ್ತೇನೆಂದು ಹೋದರು. ಅವನು ಎರಡನೆಯ ಮಹಡಿಯ ಓಣಿಯಲ್ಲಿ ಬೆಂಚಿನ ಮೇಲೆ ಕೂತ. ಫಿನಾಯಿಲ್ ವಾಸನೆ. ಗೋಡೆಯ ಅರ್ಧದವರೆಗೆ ಹಸಿರು ಬಣ್ಣ, ಅಲ್ಲಿಂದ ಮೇಲೆ ಬಿಳಿ. ಎದುರಿನ ಬೆಂಚಿನಲ್ಲಿ ಒಬ್ಬ ಹೆಂಗಸು ಮಡಿಲಲ್ಲಿ ಕಾಗದಗಳ ಚೀಲ ಇಟ್ಟುಕೊಂಡು ಕಣ್ಣು ಮುಚ್ಚಿ ಒರಗಿದ್ದಳು. ಅವಳ ಕಾಲ ಬುಡದಲ್ಲಿ, ನೆಲದ ಮೇಲೆ, ಒಂದು ಹೆಣ್ಣುಮಗು ಸ್ಟೀಲ್ ಚಮಚ ಹಿಡಿದು ಆಡುತ್ತಿತ್ತು. ಚಮಚವನ್ನು ತಲೆಯೆತ್ತರಕ್ಕೆ ಎತ್ತಿ ಕೈಬಿಡುವುದು. ಅದು ಠಣ್ಣೆಂದು ಬೀಳುವುದು. ಓಣಿಯಲ್ಲಿ ಹೋಗುವವರು ಬೆಚ್ಚಿ ತಿರುಗಿ ನೋಡುವುದು. ಮಗು ಬಿದ್ದ ಚಮಚವನ್ನು ಬಗ್ಗಿ ನೋಡುವುದು, ಹಿಂದೆಮುಂದೆ ತಿರುಗಿಸುವುದು, ಏನು ಕೆಟ್ಟಿದೆ ಇದರಲ್ಲಿ ಎಂಬಂತೆ ಅಂಗೈಯಿಂದ ಒರೆಸುವುದು, ಮತ್ತೆ ಎತ್ತಿ ಬಿಡುವುದು. ಐದಾರು ಸಲ ಆದ ಮೇಲೆ ಅವನಿಗೆ ಹೊಳೆಯಿತು. ಇದೇ ಮಗುವೋ ಬೇರೆಯದೋ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಒಮ್ಮೆ ಚಮಚ ಜಾರಿ ಅವನ ಬೂಟಿನ ಹತ್ತಿರ ಬಂದು ಬಿತ್ತು. ಅವನು ಬಗ್ಗಿ ಎತ್ತಿಕೊಟ್ಟ. ತಗೋ ಪುಟ್ಟಿ ಎಂದ. ಮಗು ಅವನ ತುಟಿಯನ್ನೇ ನೋಡಿತು. ಎಷ್ಟು ಗಮನವಿಟ್ಟು ನೋಡಿತೆಂದರೆ, ಅವನ ಬಾಯಿಂದ ಇನ್ನೂ ಏನೋ ಬರುವುದಿದೆ, ಅದಕ್ಕಾಗಿ ಕಾಯಬೇಕು ಎಂಬಂತೆ. ತಾಯಿ ಕಣ್ಣು ಬಿಟ್ಟು, ಅವನ ಕೈಯಲ್ಲಿನ ಕಡತ ನೋಡಿ ಯಾರೋ ದೊಡ್ಡವರೆಂದುಕೊಂಡು ಗಡಬಡಿಸಿ ಎದ್ದು ನಿಂತಳು. ಅವನಿಗೆ ಅಲ್ಲೇ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಕೂತ್ಕೊಳ್ಳಿ, ಕೂತ್ಕೊಳ್ಳಿ ಎನ್ನುತ್ತ ಶೌಚಾಲಯದ ಕಡೆ ನಡೆದ. ಒಳಗೆ ಹೋಗಿ ಚಿಲಕ ಹಾಕಿಕೊಂಡು, ಹೇಳಿಬಿಡುತ್ತೇನೆ, ಇವತ್ತು ಹೇಳಿಯೇ ಬಿಡುತ್ತೇನೆ ಎಂದು ಪಿಸುಮಾತಿನಲ್ಲಿ ಎರಡು ಸಲ ಅಂದುಕೊಂಡ. ಹೊರಗೆ ಚಮಚ ಬೀಳುತ್ತಲೇ ಇತ್ತು.

ಮೀಟಿಂಗಿನ ಕೋಣೆಯಲ್ಲಿ ಉದ್ದನೆಯ ಮೇಜು, ಐದು ಜನ. ನಡುವೆ ವಿಚಾರಣೆ ನಡೆಸುವ ಹಿರಿಯ ಡಾಕ್ಟರಮ್ಮ, ಬಿಳಿ ಕೂದಲನ್ನು ಗಂಟು ಕಟ್ಟಿದ್ದರು. ಅವರ ಮುಂದೆ ಮುದ್ರಿಸಿದ ನಮೂನೆ, ಅದರಲ್ಲಿ ಸಾಲಾಗಿ ಅಂಕಣಗಳು. ಬಲಕ್ಕೆ ಆಡಳಿತಾಧಿಕಾರಿ. ಮೇಜಿನ ಕೊನೆಯಲ್ಲಿ, ಉಳಿದವರಿಂದ ಎರಡು ಕುರ್ಚಿ ದೂರದಲ್ಲಿ, ಆ ನರ್ಸು. ಅವನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದವಳು ಫೋನಿನಲ್ಲಿ ಕಣ್ಣಿಟ್ಟುಕೊಂಡು ಕೆಲಸ ಮಾಡುವ ಚಿಕ್ಕ ಹುಡುಗಿ, ಅವನಿಗೆ ಅಂಥವಳೇ ಬೇಕಾಗಿತ್ತು. ಇವರಿಗೆ ಐವತ್ತು ದಾಟಿತ್ತು. ಕನ್ನಡಕವನ್ನು ದಾರ ಕಟ್ಟಿ ಕುತ್ತಿಗೆಗೆ ಇಳಿಬಿಟ್ಟಿದ್ದರು. ಕೈಬೆರಳುಗಳ ಚರ್ಮ ಸೋಪಿನ ನೀರಿಗೆ ಬಿರಿದು ಬಿಳಿಚಿಕೊಂಡಿತ್ತು. ಏಳು ವಾರದಿಂದ ಕೆಲಸದಿಂದ ಹೊರಗಿಟ್ಟಿದ್ದರೂ ಆ ಬಿರುಕು ಮಾಯ್ದಿರಲಿಲ್ಲ. ಇಪ್ಪತ್ತೇಳು ವರ್ಷದ ಸರ್ವಿಸು ಎಂದು ಆಡಳಿತಾಧಿಕಾರಿ ಓದಿದರು, ಅದೂ ಒಂದು ಆರೋಪವೆಂಬಂತೆ. ಯಜಮಾನರು ಕಡತ ಬಿಚ್ಚಿ ಹದಿನಾಲ್ಕು ಚಿತ್ರಗಳನ್ನು ಮೇಜಿನ ಮೇಲೆ ಹರಡಿದರು. ಎಲ್ಲರೂ ಕೆಂಪನ್ನು ನೋಡಿ ತಲೆಯಾಡಿಸಿದರು. ನಕ್ಷತ್ರವನ್ನೂ ನೋಡಿದರು. ಡಾಕ್ಟರಮ್ಮ ನರ್ಸಿನ ಕಡೆ ತಿರುಗಿ, ಸಿಸ್ಟರ್, ನಕ್ಷತ್ರ ಇದ್ದದ್ದು ಕಾಣಲಿಲ್ಲವಾ ಎಂದು ಕೇಳಿದರು. ಕೇಳಿದ ದನಿ ಗಡುಸಾಗಿರಲಿಲ್ಲ.

‘ಕಾಣ್ತು ಮೇಡಂ’ ಎಂದರು ಸಿಸ್ಟರ್. ‘ನಂಗೆ ಗೊತ್ತಿರ್ಲಿಲ್ಲ. ಚೀಟಿ ಬಂದಿರ್ಲಿಲ್ಲ, ತಾಯಿಗೆ ಔಷಧಿ ಹೆಸರು ಬರ್ತಿರ್ಲಿಲ್ಲ. ಸೊನ್ನೆ ಅಂತ ಒತ್ತೋಕೆ ಕೈ ಬರ್ಲಿಲ್ಲ. ಕೊಟ್ಟೇ ಇಲ್ಲ ಅಂತ ನಾನು ಹೇಗೆ ಹೇಳ್ಲಿ? ಅದಕ್ಕೆ ಖಾಲಿ ಬಿಟ್ಟೆ. ಖಾಲಿ ಬಿಟ್ರೆ ಅದು ಕೇಳುತ್ತೆ, ಆಗ ಡಾಕ್ಟ್ರಿಗೆ ಫೋನ್ ಮಾಡೋಣ ಅಂದ್ಕೊಂಡೆ. ಮೊದ್ಲು ಕೇಳ್ತಿತ್ತು ಮೇಡಂ. ಪುಟ ತೆಗೆದ ತಕ್ಷಣ ಕೇಳ್ತಿತ್ತು.’

‘ಆವತ್ತು?’

‘ಕೇಳ್ಲಿಲ್ಲ. ಹಸಿರು ಬಂತು.’ ಸ್ವಲ್ಪ ತಡೆದು, ‘ಹಸಿರು ಬಂದ್ಮೇಲೆ ನಂಗೂ ಸಮಾಧಾನ ಆಯ್ತು. ಅದಕ್ಕೆ ಗೊತ್ತಿರ್ಬೇಕು ಅನ್ನಿಸ್ತು’ ಎಂದು ಹೇಳಿ, ಕುತ್ತಿಗೆಯ ದಾರವನ್ನು ಬೆರಳಿಗೆ ಸುತ್ತಿಕೊಂಡರು.

ಸಮಾಧಾನ ಎಂಬ ಆ ಪದ ಅವನನ್ನು ಒಳಗಿನಿಂದ ಹಿಂಡಿತು. ಇಪ್ಪತ್ತೇಳು ವರ್ಷ ಸೋಪಿನ ನೀರಿನಲ್ಲಿ ಕೈ ಬಿರಿಸಿಕೊಂಡ ಹೆಂಗಸು ತನಗೆ ಗೊತ್ತಿಲ್ಲ ಎಂಬುದನ್ನು ಇದಕ್ಕಿಂತ ಪ್ರಾಮಾಣಿಕವಾಗಿ ಹೇಳಲು ಸಾಧ್ಯವಿರಲಿಲ್ಲ. ಅದನ್ನು ಸುಳ್ಳು ಮಾಡಿದ್ದು ತನ್ನ ಒಂದು ಸಾಲು. ತಾನು ಬರೆದ ಹಸಿರನ್ನು ಅವರು ತಮಗಿಂತ ದೊಡ್ಡದೆಂದು ನಂಬಿದರು. ಆಡಳಿತಾಧಿಕಾರಿ ಗಡಿಯಾರ ನೋಡಿಕೊಂಡು, ಈಗ ಎಲ್ಲರೂ ಯಂತ್ರದ ಮೇಲೆ ಹೇಳುವುದು ಒಂದು ಚಾಳಿಯಾಗಿಬಿಟ್ಟಿದೆ ಎಂದರು. ಯಜಮಾನರು ಮೇಜಿನ ಮೇಲಿನ ಚಿತ್ರಗಳನ್ನು ಒಟ್ಟುಮಾಡತೊಡಗಿದ್ದರು. ಆಗ ಡಾಕ್ಟರಮ್ಮ ಪೆನ್ನನ್ನು ತುಟಿಗೆ ಒತ್ತಿಕೊಂಡು, ಈ ಹದಿನಾಲ್ಕನ್ನು ನಾನು ನೋಡಿದೆ, ಇದನ್ನು ಬರೆದವರು ಯಾರು ಎಂದರು. ಯಜಮಾನರು ಅವನ ಕಡೆ ಕೈ ತೋರಿಸಿದರು.

‘ನೀವೇ ಹೇಳಿ. ಇವ್ರು ಹೇಳೋ ಹಾಗೆ ಆ ಜಾಗ ಖಾಲಿ ಬಿಟ್ರೆ, ನಿಮ್ಮ ಪರದೆ ಕೇಳ್ಬೇಕಿತ್ತಾ, ಕೇಳ್ತಿತ್ತಾ?’

ಎಷ್ಟು ಸರಳ ಪ್ರಶ್ನೆ. ಕೇಳುತ್ತಿರಲಿಲ್ಲ ಎಂಬ ಒಂದೇ ಪದ ಸಾಕು, ಸಿಸ್ಟರ್ ಕೆಲಸಕ್ಕೆ ಮರಳುತ್ತಾರೆ. ಕೇಳುತ್ತಿತ್ತು ಎಂದರೆ ಅವನು ಸುಳ್ಳ, ಅದಕ್ಕೂ ಒಂದು ಧೈರ್ಯ ಬೇಕು. ಅವನು ಬಾಯಿ ತೆರೆದ. ಯಜಮಾನರ ಬೂಟು ಮೇಜಿನ ಕೆಳಗೆ ಅಲುಗಿದ್ದು ಕೇಳಿಸಿತು. ಗೋಡೆಯ ಮೇಲಿನ ಫ್ಯಾನು ಒಂದು ಕಡೆ ತಿರುಗಿ, ಕಟಕ್ಕೆಂದು ನಿಂತು, ಇನ್ನೊಂದು ಕಡೆ ತಿರುಗಿತು. ಕೇಕಿನ ಮೇಲಿನ ಬತ್ತಿಗಳು, ನಾಲ್ಕು ಗಂಟೆ ನಲವತ್ತು ನಿಮಿಷ. ಅಪ್ಪನ ಎಂಟು ದಿನ. ಸಿಸ್ಟರ್ ಅವನನ್ನೇ ನೋಡುತ್ತಿದ್ದರು, ಓಣಿಯಲ್ಲಿ ಆ ಮಗು ನೋಡಿದ್ದ ಹಾಗೆಯೇ, ತುಟಿಯನ್ನು. ಈಗ ಹೇಳುತ್ತೇನೆ, ಈ ಫ್ಯಾನು ಇನ್ನೊಂದು ಸಲ ಇತ್ತ ತಿರುಗಲಿ, ಆಗ ಹೇಳುತ್ತೇನೆ ಎಂದುಕೊಂಡ. ಫ್ಯಾನು ತಿರುಗಿತು. ಇನ್ನೊಂದು ಸಲ ತಿರುಗಿತು. ಹೆದರುಪುಕ್ಕಲ ಎಂದು ಅವನು ತನ್ನನ್ನು ತಾನು ಬೈದುಕೊಂಡ.

ಡಾಕ್ಟರಮ್ಮ ಕಾದರು. ಅವರು ಕಾಯಲಿಲ್ಲವೆಂದು ಆಮೇಲೆ ಯಾವತ್ತೂ ಹೇಳುವಂತಿರಲಿಲ್ಲ, ಅಷ್ಟು ಹೊತ್ತು ಕಾದರು. ಕೊನೆಗೆ ನಿಟ್ಟುಸಿರು ಬಿಟ್ಟು ನಮೂನೆಯ ಕಡೆ ಬಗ್ಗಿದರು.

‘ಏನೂ ಇಲ್ಲ ಅಂತ ಬರ್ಕೋತೀನಿ ಹಾಗಾದ್ರೆ. ಇದನ್ನ ಖಾಲಿ ಬಿಡೋ ಹಾಗಿಲ್ಲ.’

ಮೇಜಿನ ಈಚೆಗಿದ್ದ ಅವನಿಗೆ ಅಕ್ಷರಗಳು ತಲೆಕೆಳಗಾಗಿ ಕಂಡವು. ತಂತ್ರಾಂಶದಲ್ಲಿ ದೋಷ, ಅದರ ಮುಂದೆ: ಇಲ್ಲ. ಸಿಬ್ಬಂದಿಯ ನಿರ್ಲಕ್ಷ್ಯ, ಅದರ ಮುಂದೆ: ಇದೆ. ಪೆನ್ನಿನ ಮುಚ್ಚಳ ಹಾಕಿದ ಸದ್ದಾಯಿತು. ಅವನಿಗೆ ಒಂದು ಸಣ್ಣ ಕೆಮ್ಮು ಬಂತು. ಡಾಕ್ಟರಮ್ಮ ತಲೆಯೆತ್ತಿ, ಏನಾದರೂ ಹೇಳುವುದಿತ್ತಾ ಎಂದರು. ನೀರು ಬೇಕಿತ್ತು ಎಂದ.

ಓಣಿಯಲ್ಲಿ ಬೆಂಚು ಖಾಲಿಯಾಗಿತ್ತು. ಯಜಮಾನರು ಮುಂದೆ ಮುಂದೆ ನಡೆಯುತ್ತ, ಸರಿ, ನಾಳೆವರೆಗೆ ಬೇಡ, ಇವತ್ತೇ ಹೋಗಿ ಅದನ್ನು ಸದ್ದಿಲ್ಲದೆ ಸರಿ ಮಾಡಿಬಿಡು ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಏನನ್ನು ಸರಿ ಮಾಡಬೇಕೆಂದು ಅವರು ಹೇಳಲಿಲ್ಲ, ಅವನೂ ಕೇಳಲಿಲ್ಲ. ಮೆಟ್ಟಿಲ ಹತ್ತಿರ ಹಿಂದಿನಿಂದ ಯಾರೋ ಸರ್ ಎಂದು ಕರೆದರು. ಸಿಸ್ಟರ್. ಕೈಯಲ್ಲಿ ಒಂದು ಬಟ್ಟೆಯ ಚೀಲ, ಅದರಲ್ಲಿ ಅವರ ಲಾಕರಿನ ಸಾಮಾನು ಇರಬೇಕು, ಒಂದು ಜೊತೆ ಬಿಳಿ ಚಪ್ಪಲಿಯ ಹಿಮ್ಮಡಿ ಹೊರಗೆ ಇಣುಕುತ್ತಿತ್ತು. ಅವರ ಮುಖ ಅತ್ತಂತಿರಲಿಲ್ಲ. ದಣಿದಂತಿತ್ತು, ಒಂದು ದೊಡ್ಡ ಪಾಳಿ ಮುಗಿಸಿ ಮನೆಗೆ ಹೊರಟವರ ಹಾಗೆ. ಈಗ ಉಗಿಯುತ್ತಾರೆ, ಉಗಿಯಲಿ, ಅದೊಂದು ಆಗಿಬಿಡಲಿ ಎಂದು ಅವನು ಬಹುತೇಕ ಆಸೆಯಿಂದಲೇ ತಿರುಗಿ ನಿಂತ.

‘ನೀವೊಬ್ರೇ ಸರ್, ನನ್ನ ಮೇಲೆ ಏನೂ ಹೇಳ್ದೇ ಇದ್ದಿದ್ದು’ ಎಂದರು ಅವರು. ‘ಹೇಳ್ಬಹುದಿತ್ತು ನೀವು, ನಿಮ್ಮ ಕೆಲ್ಸ ಉಳ್ಸ್ಕೊಳ್ಳೋಕೆ. ಹೇಳ್ಲಿಲ್ಲ. ನಂಗೆ ಗೊತ್ತಾಯ್ತು.’

ಅವರು ಕೈ ಮುಗಿಯಲು ನೋಡಿದರು. ಒಂದು ಕೈಯಲ್ಲಿ ಚೀಲವಿದ್ದುದರಿಂದ ಆಗಲಿಲ್ಲ. ಬರೀ ತಲೆ ಬಾಗಿಸಿ, ಅವನನ್ನು ದಾಟಿ, ಗೋಡೆಯ ಹಸಿರಿನ ಪಕ್ಕದಲ್ಲಿ ಒಂದೊಂದೇ ಮೆಟ್ಟಿಲು ಇಳಿದು ಹೋದರು.

ಆಫೀಸಿನಲ್ಲಿ ಗಡ್ಡದವನು ಏನಾಯಿತು ಮೇಷ್ಟ್ರೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ಫೋನಿಗೆ ತಿರುಗಿದ. ಕಿಟಕಿಯಿಂದ ಇಳಿಬಿಸಿಲು ಕೀಲಿಮಣೆಯ ಮೇಲೆ ಬಿದ್ದು, ಅಕ್ಷರಗಳ ಸಂದಿನ ದೂಳೆಲ್ಲ ಕಾಣುತ್ತಿತ್ತು. ಅವನು ಪರದೆಯ ಸಾಲುಗಳಿದ್ದ ಕಡತವನ್ನು ಕಂಪ್ಯೂಟರಿನಲ್ಲಿ ತೆರೆದ. ಕೊನೆಯ ಗುಂಡಿ ಇದ್ದ ಜಾಗಕ್ಕೆ ಹೋದ. ಅಂಕಣದಲ್ಲಿ ಬಂದದ್ದರ ಅಕ್ಕಪಕ್ಕದ ಬಿಡುವನ್ನು ಒರೆಸು, ಒರೆಸಿದ ಮೇಲೆ ಏನೂ ಉಳಿಯದಿದ್ದರೆ ನಿಲ್ಲು, ಲೆಕ್ಕ ಮಾಡಬೇಡ, ಕೇಳು. ಉಳಿದರೆ, ಅದು ಸಂಖ್ಯೆಯೇ ಎಂದು ನೋಡು. ನಾಲ್ಕು ನಿಮಿಷ ಎಂದುಕೊಂಡಿದ್ದ, ಮೂರೇ ಹಿಡಿಯಿತು. ತೂಕ ಹಾಕಿದ, ಜ್ವರ ಹಾಕಿದ, ಆ ಅಂಕಣವನ್ನು ಮುಟ್ಟದೆ ಗುಂಡಿ ಒತ್ತಿದ. ಕೆಂಪು ಬಂತು. ಈ ಜಾಗ ಖಾಲಿ ಇದೆ. ಗೊತ್ತಿಲ್ಲದಿದ್ದರೆ ಡಾಕ್ಟರನ್ನು ವಿಚಾರಿಸಿ. ಎಷ್ಟು ಒಳ್ಳೆಯ ವಾಕ್ಯ ಎಂದು, ತಾನೇ ಬರೆದಿದ್ದರೂ, ಅವನಿಗೆ ಅನ್ನಿಸಿತು. ಕಾಗುಣಿತವೂ ಸರಿಯಿತ್ತು. ಆಮೇಲೆ ಎಂದಿದ್ದ ಟಿಪ್ಪಣಿಯ ಸಾಲನ್ನು ಅಳಿಸಿದ. ಅಳಿಸಿದರೂ ದಾಖಲೆಯ ಹೊಟ್ಟೆಯೊಳಗೆ ಅದು ಇರುತ್ತದೆ, ಹುಡುಕುವವರಿಗೆ ಸಿಗುತ್ತದೆ. ಆದರೆ ನಮೂನೆಗೆ ಸಹಿ ಬಿದ್ದ ಮೇಲೆ ಯಾರು ಹುಡುಕುತ್ತಾರೆ.

ಉಳಿಸುವ ಆಜ್ಞೆ ಕೊಟ್ಟ. ದಾಖಲೆ ಎಂದಿನಂತೆ ಬಿಳಿ ಜಾಗ ತೆರೆದು, ಈ ಬದಲಾವಣೆ ಯಾಕೆ ಎಂದು ಕೇಳಿತು. ಮಿಣುಕುತ್ತಿದ್ದ ಗೆರೆಯನ್ನು ನೋಡುತ್ತ ಕೂತ. ಇಲ್ಲಿ ಯಾರೂ ಇಲ್ಲ, ಯಜಮಾನರಿಲ್ಲ, ಡಾಕ್ಟರಮ್ಮ ಇಲ್ಲ, ಫ್ಯಾನು ತಿರುಗುತ್ತಿಲ್ಲ, ಹೇಳಲು ಇಷ್ಟು ಸುಲಭದ ಜಾಗ ಇನ್ನೆಲ್ಲಿ ಸಿಗುತ್ತದೆ. ಬೆರಳು ಏಳಲಿಲ್ಲ. ಏನೂ ಬರೆಯದೆ, ಆ ಜಾಗವನ್ನು ಹಾಗೇ ಬಿಟ್ಟು, ಮುಚ್ಚಿದ.

ಅದು ಒಪ್ಪಲಿಲ್ಲ. ಕಾರಣದ ಜಾಗ ಖಾಲಿ ಇದೆ, ಹೀಗೆ ಉಳಿಸಲಾಗುವುದಿಲ್ಲ ಎಂದು ಒಂದು ಸಾಲು ಬಂತು. ಇನ್ನೊಮ್ಮೆ ಪ್ರಯತ್ನಿಸಿದ. ಮತ್ತೆ ಅದೇ ಸಾಲು. ಇದನ್ನು ಬರೆದವನು ಯಾವನೋ, ಎಲ್ಲಿಯವನೋ, ಯಾವತ್ತೋ ಒಂದು ದಿನ ತನ್ನ ಆಮೇಲೆಯನ್ನು ಅದೇ ದಿನ ಮಾಡಿ ಮುಗಿಸಿ ಮನೆಗೆ ಹೋಗಿದ್ದ. ಮೂರನೆಯ ಸಲ ಬಿಳಿ ಜಾಗ ತೆರೆಯಿತು. ಅವನು ಕನ್ನಡಕ ತೆಗೆದು ಒರೆಸಿಕೊಂಡು, ಸಣ್ಣಪುಟ್ಟ ಸುಧಾರಣೆ ಎಂದು ಬರೆದ. ಅದು ಹೆಚ್ಚೇನೂ ಕೇಳದೆ ಅವನ ಹೆಸರು, ತಾರೀಖು, ಗಂಟೆ ಹಾಕಿಕೊಂಡು ಒಳಗಿಟ್ಟುಕೊಂಡಿತು.